ಮಂಗಳೂರಿನ ಸುಲ್ತಾನ್ ಬತ್ತೇರಿ: ಒಂದು ವಿಚಾರ

೧. ಪೀಠಿಕೆ

ಚಿತ್ರದುರ್ಗದಿಂದ ದಾವಣಗೆರೆಗೆ ಹೋಗುವ ಹೆದ್ದಾರಿಯ ಮೇಲಿರುವ ಆನಗೋಡು ಮೊದಲಾದ ಗ್ರಾಮಗಳಿಗೆ ಸಮುದ್ರವು ಬಹು ದೂರವಾದುದು. ಆದರೂ ‘ಬತ್ತೇರಿ’ ಎಂಬ ಮಾತು ಆ ಸೀಮೆಯವರಿಗೆ ಅಪರಿಚಿತವಲ್ಲ. ಚಿತ್ರದುರ್ಗದ ಬೆಟ್ಟದ ಕೋಟೆಯಲ್ಲಿ ಲಾಲ್ ಬತ್ತೇರಿ, ಝಂಡಾ ಬತ್ತೇರಿ ಎಂಬ ಹೆಸರಿನ ಕೊತ್ತಲಗಳುಂಟು. ಅಲ್ಲಿಯ ಜನರ ಬಾಯಲ್ಲಿ ಬತ್ತೇರಿಯೆಂದರೆ ಕೋಟೆಯ ಎತ್ತರವಾದ ಕೊತ್ತಲವೆಂದೇ ಅರ್ಥ. ಇದೇ ಮಾತು ಮಂಗಳೂರಿನಲ್ಲಿ ಬೋಳೂರಿನ ಹೊಳೆಯ ದಡದ ಮೇಲಿರುವ ಒಂದು ಕಲ್ಲುಕಟ್ಟಡಕ್ಕೆ ಸಲ್ಲುತ್ತದೆ. ವಯನಾಡಿನ ಬೆಟ್ಟಗಳ ನಡುವೆ ಒಂದು ಪಟ್ಟಣಕ್ಕೇ ಇದು ಹೆಸರಾಗಿ ನಿಂತಿದೆ. ಗುಡ್ಡ, ಬಂದರು, ಕಾಡು ಎಂಬ ಮೂರು ಭಿನ್ನ ಸನ್ನಿವೇಶಗಳಲ್ಲಿ ಒಂದೇ ಶಬ್ದವು ಮೂರು ಬೇರೆ ಬೇರೆ ವಸ್ತುಗಳನ್ನು ಹೇಳುತ್ತಿರುವುದು ವಿಚಾರಾರ್ಹವಾಗಿದೆ.

ಈ ಮೂರರಲ್ಲಿ ಮಂಗಳೂರಿನ ಬತ್ತೇರಿಯು ಶಬ್ದದ ಮೂಲಾರ್ಥಕ್ಕೆ ಅತ್ಯಂತ ಸಮೀಪವಾದುದು. ಟಿಪ್ಪೂ ಸುಲ್ತಾನನು ಕ್ರಿ. ಶ. ೧೭೮೪ರಲ್ಲಿ ಶತ್ರುಗಳ ಯುದ್ಧನೌಕೆಗಳು ಗುರುಪುರದ ಹೊಳೆಯನ್ನು ಪ್ರವೇಶಿಸದಂತೆ ತಡೆಯುವುದಕ್ಕಾಗಿ ಇದನ್ನು ಕಟ್ಟಿಸಿದನು. ಈಚಿನ ಬರೆಹಗಳಲ್ಲಿ ಇದನ್ನು ಕೆಲವರು ‘ಸಣ್ಣ ಕೋಟೆ’ಯೆಂದೂ ಕೆಲವರು ‘ಕಾವಲುಗೋಪುರ’ವೆಂದೂ ವರ್ಣಿಸುತ್ತಾರೆ. ಈ ಎರಡು ವರ್ಣನೆಗಳೂ ಕಟ್ಟಡದ ಆಕಾರವನ್ನು ನೋಡಿ ಹುಟ್ಟಿದವು. ಅದರ ಪ್ರಯೋಜನವನ್ನು ನೋಡಿ ಹುಟ್ಟಿದವುಗಳಲ್ಲ. ಬತ್ತೇರಿಯು ಕೋಟೆಯ ಒಂದು ಭೇದವಲ್ಲ. ಕೋಟೆಯನ್ನು ನಂಬದೆ ಹೋದ ಕಾಲದಲ್ಲಿ ಅದಕ್ಕೆ ಪ್ರತಿಯಾಗಿ ಬಂದ ಬೇರೊಂದು ಸಾಧನ. ಇದನ್ನು ಶಬ್ದದಿಂದಲೂ ಶಾಸ್ತ್ರದಿಂದಲೂ ಇತಿಹಾಸದಿಂದಲೂ ತೋರಿಸುವುದು ಈ ಲೇಖನದ ಉದ್ದೇಶ.

೨. ಪದವಿಚಾರ

ಕನ್ನಡದ ಕೋಟೆಕೊತ್ತಲಗಳ ಪರಿಭಾಷೆಯು ಹಲವು ಪದರಗಳುಳ್ಳದ್ದು. ಕೋಟೆ, ಕೊತ್ತಲ, ಅಗಳು, ತೆನೆ ಎಂಬವು ಹಳೆಯವು. ಬುರುಜು ಎಂಬುದು ಅರಬ್ಬಿಯಿಂದಲೂ, ಬಂದರು ಎಂಬುದು ಪಾರಸಿಯಿಂದಲೂ, ತೋಪು ಎಂಬುದು ತುರ್ಕಿಯಿಂದಲೂ ಬಂದವು. ಮದ್ದು, ಗುಂಡು ಎಂಬೆರಡು ಮಾತುಗಳು ಮಾತ್ರ ಅಚ್ಚಗನ್ನಡದವು. ಔಷಧಕ್ಕೆ ಹೇಳುತ್ತಿದ್ದ ಮದ್ದು ಸಿಡಿಯುವ ಪುಡಿಗೂ, ದುಂಡಾದ ಕಲ್ಲಿಗೆ ಹೇಳುತ್ತಿದ್ದ ಗುಂಡು ತೋಪಿನ ಬಾಯಿಂದ ಹಾರುವ ಕಬ್ಬಿಣಕ್ಕೂ ಸಂದವು. ಹೊಸ ವಸ್ತು ಬಂದಾಗ ಒಂದು ಭಾಷೆಯು ಹಳೆಯ ಮಾತಿಗೆ ಹೊಸ ಅರ್ಥವನ್ನು ಕೊಡುವುದೂ ಉಂಟು. ವಸ್ತುವಿನ ಜೊತೆಗೆ ಹೆಸರನ್ನೂ ಬರಮಾಡಿಕೊಳ್ಳುವುದೂ ಉಂಟು. ಬತ್ತೇರಿಯು ಎರಡನೆಯ ಬಗೆಗೆ ಸೇರಿದುದು. ವೈಯಾಕರಣರು ಇಂಥ ಮಾತುಗಳನ್ನು ಅನ್ಯದೇಶ್ಯವೆನ್ನುತ್ತಾರೆ.

ಇದರ ಮೂಲವು ಐರೋಪ್ಯ ಭಾಷೆಗಳಲ್ಲಿದೆ. ಪೋರ್ಚುಗೀಸರಲ್ಲಿ ಬತೆರೀಯ, ಫ್ರೆಂಚರಲ್ಲಿ ಬಾತ್ರಿ, ಇಂಗ್ಲಿಷರಲ್ಲಿ ಬ್ಯಾಟರಿ ಎಂಬ ರೂಪಗಳಿವೆ. ಇವೆಲ್ಲಕ್ಕೂ ಲ್ಯಾಟಿನ್ ಭಾಷೆಯ ‘ಹೊಡೆ, ಬಡಿ’ ಎಂಬರ್ಥದ ಧಾತುವೇ ಆಧಾರ. ಮೊದಲು ಹೊಡೆತವೆಂಬ ಕ್ರಿಯೆಗೂ, ಅನಂತರ ಒಂದೇ ಗುರಿಯನ್ನು ಕೂಡಿ ಹೊಡೆಯುವ ತೋಪುಗಳ ಸಮೂಹಕ್ಕೂ, ಕಡೆಗೆ ಆ ಸಮೂಹವನ್ನು ನೆಲೆಗೊಳಿಸಿದ ಕಟ್ಟೆಗೂ ಈ ಶಬ್ದವು ಸಂದಿತು. ಕ್ರಿಯೆಯಿಂದ ಕರಣಕ್ಕೂ, ಕರಣದಿಂದ ಅಧಿಕರಣಕ್ಕೂ ಅರ್ಥವು ಸರಿಯುವುದು ಲಕ್ಷಣಾವೃತ್ತಿಯ ಪ್ರಸಿದ್ಧ ಮಾರ್ಗವೇ ಆಗಿದೆ. ಹೀಗಿರುವಲ್ಲಿ ಬತ್ತೇರಿಯೆಂದರೆ ಗೋಡೆಯೂ ಅಲ್ಲ, ಮನೆಯೂ ಅಲ್ಲ. ಗುರಿಯುಳ್ಳ ತೋಪುಗಳಿಗೆ ಆಧಾರವಾದ ನೆಲೆ. ಗುರಿಯಿಲ್ಲದಿದ್ದರೆ ಬತ್ತೇರಿಯಿಲ್ಲ.

ಕನ್ನಡವು ಈ ಶಬ್ದವನ್ನು ಎರಡು ಸಲ ಸ್ವೀಕರಿಸಿದೆಯೆಂಬುದು ಗಮನಿಸತಕ್ಕ ವಿಷಯ. ಮೊದಲನೆಯ ಸಲ ಅದು ತೋಪಿನೊಡನೆ ಬಂದು, ದ್ವಿತ್ವವನ್ನೂ ದೀರ್ಘವನ್ನೂ ಪಡೆದು, ಬತ್ತೇರಿಯಾಗಿ ಕನ್ನಡದ ಬಾಯಿಗೆ ಒಗ್ಗಿತು. ಎರಡನೆಯ ಸಲ ವಿದ್ಯುಚ್ಛಕ್ತಿಯೊಡನೆ ಬಂದು ‘ಬ್ಯಾಟರಿ’ಯಾಗಿಯೇ ಉಳಿಯಿತು. ಹದಿನೆಂಟನೆಯ ಶತಮಾನದ ನಡುವೆ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನನು ವಿದ್ಯುತ್ತನ್ನು ಕೂಡಿಡುವ ಗಾಜಿನ ಭರಣಿಗಳ ಸಾಲಿಗೆ ತೋಪುಗಳ ಸಾಲಿನ ಹೋಲಿಕೆಯಿಂದ ಈ ಹೆಸರನ್ನಿಟ್ಟನು. ಆದುದರಿಂದ ಕೈದೀಪದೊಳಗಿನ ಬ್ಯಾಟರಿಯೂ ಬೋಳೂರಿನ ಬತ್ತೇರಿಯೂ ಒಂದೇ ತಾಯಿಯ ಮಕ್ಕಳು.

ವಯನಾಡಿನ ಸುಲ್ತಾನ್ ಬತ್ತೇರಿಯ ಕಥೆ ಬೇರೆ. ಆ ಊರಿಗೆ ಗಣಪತಿವಟ್ಟಂ ಎಂಬ ಹೆಸರೂ, ಜೈನರ ಬೀದಿಗಳಿಂದ ಬಂದ ಹನ್ನೆರಡು ಬೀದಿ ಎಂಬ ಕನ್ನಡ ಹೆಸರೂ ಇದ್ದವು. ಅಲ್ಲಿಯ ಕಲ್ಲಿನ ಜೈನ ಬಸದಿಯನ್ನು ಟಿಪ್ಪುವಿನ ಸೈನ್ಯವು ಮದ್ದುಗುಂಡುಗಳ ಉಗ್ರಾಣವನ್ನಾಗಿ ಉಪಯೋಗಿಸಿದುದರಿಂದ ಈಗಿನ ಹೆಸರು ಬಂದಿತು. ಅಲ್ಲಿ ಬತ್ತೇರಿಯೆಂಬುದು ತೋಪಿನ ಸಾಮಗ್ರಿಯ ಸ್ಥಾನವನ್ನು ಹೇಳಿತು. ಚಿತ್ರದುರ್ಗದಲ್ಲಿ ತೋಪನ್ನು ಹೊತ್ತ ಕೊತ್ತಲವನ್ನು ಹೇಳಿತು. ಮಂಗಳೂರಿನಲ್ಲಿ ಮಾತ್ರ ನೀರಿನ ದಾರಿಗೆ ಗುರಿಯಿಟ್ಟ ತೋಪಿನ ನೆಲೆಯನ್ನೇ ಹೇಳುತ್ತದೆ. ಹೆಸರಿನ ಸಾಮ್ಯದಿಂದ ಎರಡು ಸುಲ್ತಾನ್ ಬತ್ತೇರಿಗಳನ್ನು ಒಂದೆಂದು ಭ್ರಮಿಸಬಾರದು.

೩. ಶಾಸ್ತ್ರದಲ್ಲಿ ದುರ್ಗಲಕ್ಷಣ

ನಮ್ಮ ಪ್ರಾಚೀನರು ದುರ್ಗಗಳನ್ನು ವಿಂಗಡಿಸಿದ ಕ್ರಮವನ್ನು ಇಲ್ಲಿ ಸ್ಮರಿಸುವುದು ಉಚಿತ. ಕೌಟಲ್ಯನು ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಔದಕ, ಪಾರ್ವತ, ಧಾನ್ವನ, ವನದುರ್ಗಗಳೆಂದು ನಾಲ್ಕು ಬಗೆಯನ್ನು ಹೇಳಿದ್ದಾನೆ. ಇವುಗಳಲ್ಲಿ ನದೀಪರ್ವತದುರ್ಗಗಳು ಜನಪದದ ರಕ್ಷಣೆಗೆ ಸ್ಥಾನವೆಂದೂ, ಉಳಿದೆರಡು ಅಡವಿಯವರ ನೆಲೆ ಅಥವಾ ಆಪತ್ಕಾಲದಲ್ಲಿ ಓಡಿ ಸೇರುವ ಆಶ್ರಯವೆಂದೂ ಅವನ ಮತ. ಮನುವು ಧನ್ವ, ಮಹೀ, ಅಬ್ಬು, ವೃಕ್ಷ, ನೃ, ಗಿರಿ ಎಂದು ಆರು ಬಗೆಯನ್ನು ಹೇಳಿ, ಗಿರಿದುರ್ಗವೇ ಶ್ರೇಷ್ಠವೆನ್ನುತ್ತಾನೆ. ದುರ್ಗದಲ್ಲಿ ಆಯುಧ, ಧನ, ಧಾನ್ಯ, ವಾಹನ, ಶಿಲ್ಪಿಗಳು, ಯಂತ್ರಗಳು, ಮೇವು, ನೀರು ಇವೆಲ್ಲವೂ ತುಂಬಿರಬೇಕೆಂದು ಅವನ ವಿಧಿ.

ಈ ವಿಂಗಡಣೆಗಳಿಗೆಲ್ಲ ಒಂದು ಸಾಮಾನ್ಯ ಲಕ್ಷಣವುಂಟು: ದುರ್ಗವು ವಾಸಯೋಗ್ಯವಾಗಿರಬೇಕು. ಅದು ರಾಜನಿಗೂ ಕೋಶಕ್ಕೂ ಪ್ರಜೆಗಳಿಗೂ ಆಶ್ರಯ. ಶತ್ರುವು ಹೊರಗೆ ಎಷ್ಟು ಕಾಲ ಕಾದರೂ ಒಳಗಿನವರು ಬದುಕಿರಬೇಕು. ಬೋಳೂರಿನ ಬತ್ತೇರಿಗೆ ಈ ಲಕ್ಷಣದಲ್ಲಿ ಒಂದೂ ಸಲ್ಲದು. ಅದರಲ್ಲಿ ಪ್ರಜೆಗಳು ವಾಸಿಸುವುದಕ್ಕೆ ಎಡೆಯಿಲ್ಲ. ಧಾನ್ಯವನ್ನು ಕೂಡಿಡುವ ಕಣಜವಿಲ್ಲ. ಮುತ್ತಿಗೆಯನ್ನು ತಾಳಿಕೊಳ್ಳುವ ಉದ್ದೇಶವೇ ಇಲ್ಲ. ಆದುದರಿಂದ ಅದನ್ನು ಔದಕದುರ್ಗದ ಸಂತತಿಯೆಂದು ಹೇಳುವುದು ಶಾಸ್ತ್ರಾನುಗುಣವಾಗದು.

ಶಾಸ್ತ್ರದಲ್ಲಿ ಇದಕ್ಕೆ ಸಮೀಪವಾದ ವಿಷಯವನ್ನು ಹುಡುಕುವುದಾದರೆ ದುರ್ಗಪ್ರಕರಣಕ್ಕಿಂತ ನಾವಧ್ಯಕ್ಷಪ್ರಕರಣವನ್ನು ನೋಡಬೇಕು. ಹಿಂಸೆಗೆ ತೊಡಗಿದ ನೌಕೆಗಳನ್ನೂ, ಶತ್ರುದೇಶಕ್ಕೆ ಹೋಗುವ ನೌಕೆಗಳನ್ನೂ, ರೇವುಪಟ್ಟಣದ ಕಟ್ಟಳೆಯನ್ನು ಮುರಿಯುವ ನೌಕೆಗಳನ್ನೂ ನಾಶಮಾಡಬೇಕೆಂದು ಕೌಟಲ್ಯನು ಅಲ್ಲಿ ವಿಧಿಸಿದ್ದಾನೆ. ರೇವನ್ನು ಕಾಯುವುದೆಂದರೆ ನೀರಿನ ಮೇಲಣ ಸಂಚಾರವನ್ನು ಆಳುವುದು ಎಂಬ ಭಾವವು ಆ ವಿಧಿಯಲ್ಲಿದೆ. ಅದಕ್ಕೆ ಬೇಕಾದ ಸಾಧನವು ಮಾತ್ರ ಅಂದು ಇರಲಿಲ್ಲ. ಶತಘ್ನಿಯೇ ತೋಪೆಂದು ಕೆಲವರು ಊಹಿಸುವುದುಂಟು. ಆದರೆ ಅರ್ಥಶಾಸ್ತ್ರದ ವ್ಯಾಖ್ಯಾನದಂತೆ ಅದು ಚೂಪಾದ ಮುಳ್ಳುಗಳನ್ನು ನೆಟ್ಟು ಕೋಟೆಯ ಗೋಡೆಯ ಮೇಲಿಡುವ ದೊಡ್ಡ ಕಂಬ. ಬೆಂಕಿಯಿಂದ ಗುಂಡನ್ನೆಸೆಯುವ ಯಂತ್ರವಲ್ಲ. ಹೊಸ ವಸ್ತುವಿಗೆ ಹಳೆಯ ವಂಶಾವಳಿಯನ್ನು ಕಲ್ಪಿಸುವುದರಿಂದ ಶಾಸ್ತ್ರಕ್ಕೂ ಗೌರವವಿಲ್ಲ, ಇತಿಹಾಸಕ್ಕೂ ಪ್ರಯೋಜನವಿಲ್ಲ.

೪. ಬಂದರಿನ ಸನ್ನಿವೇಶ

ಬತ್ತೇರಿಯ ಪ್ರಯೋಜನವನ್ನು ತಿಳಿಯಲು ಮಂಗಳೂರಿನ ನೀರಿನ ದಾರಿಗಳನ್ನು ತಿಳಿಯಬೇಕು. ಊರಿನ ದಕ್ಷಿಣಕ್ಕೆ ನೇತ್ರಾವತಿಯೂ ಉತ್ತರಕ್ಕೆ ಫಲ್ಗುಣಿಯೆಂದು ಕರೆಯಲ್ಪಡುವ ಗುರುಪುರದ ಹೊಳೆಯೂ ಹರಿಯುತ್ತವೆ. ಗುರುಪುರದ ಹೊಳೆಯು ಕಡಲ ಸಮೀಪಕ್ಕೆ ಬಂದರೂ ನೇರವಾಗಿ ಕಡಲನ್ನು ಸೇರದೆ ದಕ್ಷಿಣಕ್ಕೆ ತಿರುಗಿ, ಕಡಲಿಗೆ ಸಮಾನಾಂತರವಾಗಿ ಹರಿದು, ನೇತ್ರಾವತಿಯ ನೀರಿನೊಡನೆ ಕೂಡಿ ಅಳಿವೆಯನ್ನು ಸೇರುತ್ತದೆ. ಹೊಳೆಗೂ ಕಡಲಿಗೂ ನಡುವೆ ತಣ್ಣೀರುಬಾವಿ, ಬೆಂಗ್ರೆಗಳ ಉದ್ದವಾದ ಮರಳುದಿಣ್ಣೆಯಿದೆ. ಈ ದಿಣ್ಣೆಯ ಮರೆಯಲ್ಲಿ, ಅಲೆಗಳ ಹೊಡೆತವಿಲ್ಲದ ನೀರಿನಲ್ಲಿ, ಹಳೆಯ ಬಂದರು ಬೆಳೆಯಿತು. ಅದೇ ದಡದಲ್ಲಿ ಬಂದರಿನ ಉತ್ತರಕ್ಕೆ ಬೋಳೂರಿದೆ.

ಮಂಗಳೂರಿನ ಹಳೆಯ ಬಂದರು ದೊಡ್ಡ ಹಡಗುಗಳಿಗೆ ತಕ್ಕುದಲ್ಲ. ಅಳಿವೆಯಲ್ಲಿ ಮರಳು ಕಟ್ಟಿಕೊಳ್ಳುವುದರಿಂದ ಆಳವಾಗಿ ಮುಳುಗುವ ಹಡಗುಗಳು ಹೊರಗಿನ ಕಡಲಲ್ಲಿಯೇ ಲಂಗರು ಹಾಕಬೇಕಾಗಿತ್ತು. ಸರಕುಗಳನ್ನು ದೋಣಿಗಳಲ್ಲಿ ಒಳಕ್ಕೂ ಹೊರಕ್ಕೂ ಸಾಗಿಸುತ್ತಿದ್ದರು. ಒಳಗೆ ಬರಬಲ್ಲವು ಹಗುರವಾದ ಹಡಗುಗಳೂ ಮಚವೆಗಳೂ ದೋಣಿಗಳೂ ಮಾತ್ರ. ಮುಂಗಾರಿನ ತಿಂಗಳುಗಳಲ್ಲಿ ಕಡಲು ಕೆರಳಿ ಅಳಿವೆಯು ಮುಚ್ಚಿದಂತೆಯೇ ಆಗುತ್ತಿತ್ತು. ಹೀಗೆ ಪ್ರಕೃತಿಯೇ ಬಂದರಿನ ಬಾಗಿಲನ್ನು ಇಕ್ಕಟ್ಟುಮಾಡಿತ್ತು. ಅಂಥ ಇಕ್ಕಟ್ಟಾದ ನೀರಿನಲ್ಲಿ ನಿಧಾನವಾಗಿ ಸಾಗಬೇಕಾದ ಹಡಗಿಗೆ ದಡದ ಮೇಲಿನ ಕೆಲವೇ ತೋಪುಗಳು ಸಾಕು.

ಇಲ್ಲಿ ಒಂದು ಶಂಕೆ ಹುಟ್ಟುತ್ತದೆ. ಈಗಿನ ಅಳಿವೆಯು ಬತ್ತೇರಿಯಿಂದ ದಕ್ಷಿಣಕ್ಕಿದೆ. ಬಂದರೂ ಅಳಿವೆಗೂ ಬತ್ತೇರಿಗೂ ನಡುವೆಯೇ ಇದೆ. ಬಂದರನ್ನು ದಾಟಿದ ಮೇಲೆ ಸಿಕ್ಕುವ ಬತ್ತೇರಿಯು ಬಂದರನ್ನು ಹೇಗೆ ಕಾಯುವುದು? ಇದಕ್ಕೆ ಎರಡು ಸಮಾಧಾನಗಳುಂಟು. ಮೊದಲನೆಯದು, ಈ ಕರಾವಳಿಯ ಅಳಿವೆಗಳು ಸ್ಥಿರವಲ್ಲ. ಮಳೆಗಾಲದ ಪ್ರವಾಹವೂ ಕಡಲಿನ ಸೆಳೆತವೂ ಕೂಡಿ ಮರಳುದಿಣ್ಣೆಗಳನ್ನು ಬೆಳೆಯಿಸುತ್ತವೆ, ಕೊರೆಯುತ್ತವೆ, ಒಡೆಯುತ್ತವೆ. ನೇತ್ರಾವತೀ ಫಲ್ಗುಣಿಗಳ ಬಾಯಿಯೂ ಕಾಲಕಾಲಕ್ಕೆ ಸರಿದಿದೆ. ಆದುದರಿಂದ ಈಗಿನ ಭೂಪಟವನ್ನು ೧೭೮೪ಕ್ಕೆ ಅನ್ವಯಿಸಿ ತೀರ್ಮಾನ ಮಾಡಲಾಗದು. ಎರಡನೆಯದು, ಹೊಳೆಯು ಬಂದರಿಗಷ್ಟೇ ದಾರಿಯಲ್ಲ. ಅದು ಗುರುಪುರದ ಕಡೆಗೆ, ಒಳನಾಡಿನ ಅಕ್ಕಿಯ ಸೀಮೆಗೆ, ದೋಣಿಯ ಹಾದಿ. ಬಂದರನ್ನು ಹಿಡಿದ ಶತ್ರುವು ಹೊಳೆಯ ಮೇಲೆ ಒಳನಾಡಿಗೆ ನುಗ್ಗದಂತೆ ತಡೆಯುವುದೂ ರಕ್ಷಣೆಯೇ. ಬತ್ತೇರಿಗೆ ‘ಹೊಳೆಯನ್ನು ಪ್ರವೇಶಿಸದಂತೆ ತಡೆಯುವುದು’ ಉದ್ದೇಶವೆಂದು ಪರಂಪರೆಯು ಹೇಳುವುದು ಈ ದೃಷ್ಟಿಯಿಂದ ಸಮಂಜಸವಾಗಿದೆ.

೫. ಪೂರ್ವೇತಿಹಾಸ

ಮಂಗಳೂರಿನ ಮೇಲೆ ಕಡಲಿನಿಂದ ಬಂದ ಆಘಾತಗಳ ಪರಂಪರೆಯು ದೀರ್ಘವಾದುದು. ಪೋರ್ಚುಗೀಸರು ೧೫೨೬ರಲ್ಲಿ ಲೋಪೊ ವಾಸ್ ದ ಸಾಂಪಾಯೊ ಎಂಬವನ ನಾಯಕತ್ವದಲ್ಲಿ ಇಲ್ಲಿಗೆ ದಂಡೆತ್ತಿ ಬಂದರು. ೧೫೬೮ರಲ್ಲಿ ಇಲ್ಲಿ ಕೋಟೆಯನ್ನು ಕಟ್ಟಲು ತೊಡಗಿದರು. ಹದಿನೇಳನೆಯ ಶತಮಾನದಲ್ಲಿ ಕೆಳದಿಯ ಅರಸರು ಅವರ ಬಲವನ್ನು ಮುರಿದರು. ಶಿವಪ್ಪನಾಯಕನು ಕರಾವಳಿಯ ದಕ್ಷಿಣದ ತುದಿಯಲ್ಲಿ, ಈಗಿನ ಕಾಸರಗೋಡು ಜಿಲ್ಲೆಯಲ್ಲಿರುವ, ಬೇಕಲದ ಕೋಟೆಯನ್ನು ಕಟ್ಟಿಸಿದನೆಂಬುದು ಪ್ರಸಿದ್ಧ. ಬೇಕಲವು ಕಡಲಿನೊಳಕ್ಕೆ ಚಾಚಿದ ದಿಬ್ಬದ ಮೇಲೆ ವಿಶಾಲವಾದ ಪ್ರಾಕಾರವನ್ನೂ, ನೀರಿನ ಕೊಳವನ್ನೂ, ಎತ್ತರವಾದ ವೀಕ್ಷಣಬುರುಜನ್ನೂ ಉಳ್ಳದ್ದು. ಕೋಟೆಗೂ ಬತ್ತೇರಿಗೂ ಇರುವ ಭೇದವನ್ನು ಕಣ್ಣಾರೆ ಕಾಣಬೇಕೆನ್ನುವವರು ಬೇಕಲವನ್ನೂ ಬೋಳೂರನ್ನೂ ಒಂದಾದ ಮೇಲೊಂದು ನೋಡಿದರೆ ಸಾಕು.

೧೭೬೩ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದುದರಿಂದ ಮೈಸೂರಿಗೆ ಮೊದಲ ಬಾರಿ ವಿಶಾಲವಾದ ಕರಾವಳಿಯು ದೊರೆಯಿತು. ಒಳನಾಡಿನ ದೊರೆಗೆ ಇದು ಹೊಸ ಅನುಭವ. ಅವನು ಮಂಗಳೂರಿನಲ್ಲಿ ಹಡಗುಗಳನ್ನು ಕಟ್ಟಿಸಲು ತೊಡಗಿದನು. ಆದರೆ ೧೭೬೮ರಲ್ಲಿ ಮುಂಬಯಿಯಿಂದ ಬಂದ ಇಂಗ್ಲಿಷರು ಮಂಗಳೂರನ್ನು ಹಿಡಿದರು. ಅದೇ ವರ್ಷ ಮೈಸೂರಿನವರು ಅದನ್ನು ಮರಳಿ ಪಡೆದರು. ೧೭೭೯ರಲ್ಲಿ ಹೈದರನು ಚಿತ್ರದುರ್ಗವನ್ನು ಮದಕರಿನಾಯಕನಿಂದ ಗೆದ್ದನು. ದಾವಣಗೆರೆಯನ್ನು ಅಪ್ಪಾಜಿರಾಮನೆಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟವನೂ ಅವನೇ. ಆ ಸರದಾರನು ವರ್ತಕರನ್ನು ಕರೆದು ನೆಲೆಗೊಳಿಸಿದುದರಿಂದ ಆ ಹಳ್ಳಿಯು ಪೇಟೆಯಾಯಿತು. ಹೀಗೆ ಬಯಲುಸೀಮೆಯ ಪೇಟೆ, ಬೆಟ್ಟದ ಕೋಟೆ, ಕರಾವಳಿಯ ರೇವು ಇವೆಲ್ಲವೂ ಒಂದೇ ಆಳಿಕೆಗೆ ಒಳಪಟ್ಟವು. ಆದರೆ ಬೆಟ್ಟದ ಕೋಟೆಯನ್ನು ಗೆದ್ದ ಬಲವು ರೇವನ್ನು ಕಾಯಲು ಸಾಲಲಿಲ್ಲ. ೧೭೮೦ರ ಡಿಸೆಂಬರಿನಲ್ಲಿ ಇಂಗ್ಲಿಷರ ನೌಕಾಧಿಪತಿಯಾದ ಸರ್ ಎಡ್ವರ್ಡ್ ಹ್ಯೂಸನು ಮಂಗಳೂರಿನ ಬಳಿಯಲ್ಲಿ ಹೈದರನ ಹಡಗುಗಳನ್ನು ನಾಶಮಾಡಿದನು. ಹಲವು ವರ್ಷಗಳ ಪ್ರಯತ್ನವು ತನ್ನ ರೇವಿನ ಬಾಗಿಲಿನಲ್ಲಿಯೇ ಹಾಳಾಯಿತು.

೬. ಮುತ್ತಿಗೆಯೂ ಅದರ ಪಾಠವೂ

ಹೈದರನು ೧೭೮೨ರ ಡಿಸೆಂಬರಿನಲ್ಲಿ ತೀರಿಕೊಂಡನು. ಮರುವರ್ಷದ ಆರಂಭದಲ್ಲಿ ಜನರಲ್ ಮ್ಯಾಥ್ಯೂಸನು ಮುಂಬಯಿಯ ಸೈನ್ಯದೊಡನೆ ಉತ್ತರದ ಕರಾವಳಿಯಲ್ಲಿಳಿದು, ಘಟ್ಟವನ್ನು ಹತ್ತಿ ಬಿದನೂರನ್ನು ವಶಪಡಿಸಿಕೊಂಡನು. ೧೭೮೩ರ ಮಾರ್ಚಿಯಲ್ಲಿ ಮಂಗಳೂರೂ ಇಂಗ್ಲಿಷರ ಕೈಸೇರಿತು. ಟಿಪ್ಪೂ ಸುಲ್ತಾನನು ಬಿದನೂರನ್ನು ಮರಳಿ ಪಡೆದು ಮೇ ತಿಂಗಳಲ್ಲಿ ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿದನು. ಕೋಟೆಯೊಳಗೆ ಕರ್ನಲ್ ಕ್ಯಾಂಬೆಲನ ನಾಯಕತ್ವದಲ್ಲಿ ಇಂಗ್ಲಿಷರೂ ಅವರ ದೇಶೀಯ ಸಿಪಾಯಿಗಳೂ ಇದ್ದರು. ಐರೋಪ್ಯದಲ್ಲಿ ಸಂಧಿಯಾದ ವಾರ್ತೆ ಬಂದುದರಿಂದ ಟಿಪ್ಪುವಿನ ಸಹಾಯಕ್ಕಿದ್ದ ಫ್ರೆಂಚರು ಹಿಂಜರಿದರು. ಆಗಸ್ಟಿನಲ್ಲಿ ಯುದ್ಧವು ನಿಲುಗಡೆಗೆ ಬಂದಿತು. ಆದರೂ ಕೋಟೆಯೊಳಗಿನವರ ಕಷ್ಟವು ತೀರಲಿಲ್ಲ.

ಈ ಮುತ್ತಿಗೆಯ ಅತ್ಯಂತ ಬೋಧಪ್ರದವಾದ ಭಾಗವು ನಿಲುಗಡೆಯ ತಿಂಗಳುಗಳದ್ದೇ. ನವೆಂಬರಿನಲ್ಲಿ ಜನರಲ್ ಮ್ಯಾಕ್ಲಿಯಡನು ಹಡಗುಗಳೊಡನೆ ಮಂಗಳೂರಿನ ಎದುರಿಗೆ ಬಂದನು. ಕೋಟೆಯವರ ಕಣ್ಣಿಗೆ ತಮ್ಮವರ ಹಡಗುಗಳು ಕಾಣುತ್ತಿದ್ದವು. ಆದರೆ ದಡವೂ ನೀರಿನ ದಾರಿಯೂ ಮೈಸೂರಿನವರ ವಶದಲ್ಲಿದ್ದುದರಿಂದ ಬೇಕಾದಷ್ಟು ಆಹಾರವು ಒಳಗೆ ಸೇರಲಿಲ್ಲ. ಹಸಿವೂ ರೋಗವೂ ಹೆಚ್ಚಿ, ಕ್ಯಾಂಬೆಲನು ೧೭೮೪ರ ಜನವರಿಯ ಕೊನೆಯಲ್ಲಿ ಒಪ್ಪಂದದ ಮೇಲೆ ಕೋಟೆಯನ್ನು ಬಿಟ್ಟುಕೊಟ್ಟನು. ಮಾರ್ಚಿ ೧೧ರಂದು ಮಂಗಳೂರಿನ ಸಂಧಿಯು ನಡೆಯಿತು.

ಸುಲ್ತಾನನು ಈ ಯುದ್ಧದಿಂದ ಎರಡು ವಿಷಯಗಳನ್ನು ಕಂಡುಕೊಂಡನೆಂದು ಅವನ ಮುಂದಿನ ಕಾರ್ಯಗಳಿಂದ ಊಹಿಸಬಹುದು. ಮೊದಲನೆಯದು, ತಾನೂ ತನ್ನ ತಂದೆಯೂ ಬಲಪಡಿಸಿದ ಕೋಟೆಯು ಶತ್ರುವಿನ ಕೈಗೆ ಸಿಕ್ಕಿದಾಗ ತನ್ನನ್ನೇ ಎಂಟು ತಿಂಗಳು ತಡೆದು ನಿಲ್ಲಿಸಿತು. ಕೋಟೆಗೆ ಸ್ವಾಮಿನಿಷ್ಠೆಯಿಲ್ಲ, ಒಳಗಿದ್ದವನಿಗೆ ಅದು ಆಶ್ರಯ. ಎರಡನೆಯದು, ಹಡಗುಗಳು ಕಡಲಲ್ಲಿ ನಿಂತಿದ್ದರೂ ನೀರಿನ ದಾರಿಯು ಕೈತಪ್ಪಿದರೆ ಅವುಗಳಿಂದ ಪ್ರಯೋಜನವಿಲ್ಲ. ೧೮೦೧ರಲ್ಲಿ ಮಂಗಳೂರಿಗೆ ಬಂದ ಡಾಕ್ಟರ್ ಫ್ರಾನ್ಸಿಸ್ ಬುಕಾನನನು ಅಲ್ಲಿಯ ಕೋಟೆಯು ಹಾಳಾಗಿದ್ದುದನ್ನು ಕಂಡನು. ಐರೋಪ್ಯ ಸೈನಿಕರ ಮುಂದೆ ಇಂಥ ಕೋಟೆಗಳಿಂದ ಪ್ರಯೋಜನವಿಲ್ಲವೆಂದು ತಿಳಿದ ಟಿಪ್ಪುವೇ ಶ್ರಮವಹಿಸಿ ಅದನ್ನು ಕೆಡವಿಸಿದನೆಂದು ಬರೆದಿದ್ದಾನೆ. ದೊಡ್ಡ ಕೋಟೆಯನ್ನು ಕೆಡಹಿದ ದೊರೆಯೇ ಅದೇ ಊರಿನಲ್ಲಿ ಸಣ್ಣ ಬತ್ತೇರಿಯನ್ನು ಕಟ್ಟಿಸಿದುದು ಮೇಲ್ನೋಟಕ್ಕೆ ವಿರೋಧವೆಂದು ತೋರುವುದು. ಆದರೆ ಎರಡೂ ಒಂದೇ ವಿಚಾರದಿಂದ ಹುಟ್ಟಿದವು. ಶತ್ರುವಿಗೆ ಆಶ್ರಯವಾಗಬಲ್ಲದ್ದನ್ನು ಇಲ್ಲದಂತೆ ಮಾಡಿ, ಶತ್ರುವನ್ನು ಒಳಗೆ ಬಿಡದಿರುವ ಸಾಧನವನ್ನು ಮಾತ್ರ ಉಳಿಸಿಕೊಳ್ಳುವುದು ಆ ವಿಚಾರ. ಬತ್ತೇರಿಯು ಶತ್ರುವಿನ ವಶವಾದರೂ ಅದರಲ್ಲಿ ಅವನು ಸೈನ್ಯವನ್ನಿಟ್ಟು ತಿಂಗಳುಗಟ್ಟಲೆ ನಿಲ್ಲಲಾರನು.

೭. ಕಟ್ಟಡದ ರಚನೆಯೂ ಕಾರ್ಯವೂ

ಬತ್ತೇರಿಯು ಕರಿಯ ಕಲ್ಲಿನಿಂದ ಕಟ್ಟಿದ, ದಪ್ಪಗೋಡೆಯ, ಗಿಡ್ಡನೆಯ ಗೋಪುರ. ಮೆಟ್ಟಿಲುಗಳನ್ನು ಹತ್ತಿ ಮೇಲೆ ಹೋದರೆ ಸುತ್ತಲೂ ಎದೆಮಟ್ಟದ ಗೋಡೆಯೂ ಅದರಲ್ಲಿ ತೋಪಿನ ಕಿಂಡಿಗಳೂ ಕಾಣುತ್ತವೆ. ಕೆಳಗೆ ಮದ್ದನ್ನಿಡುವ ನೆಲಮಾಳಿಗೆಯಿದೆ. ಕಿಂಡಿಗಳ ಕ್ರಮದಿಂದ ಅದು ಚಿಕ್ಕ ಕೋಟೆಯಂತೆ ತೋರುವುದು ಸಹಜ. ಕೋಟೆಯೆಂಬ ಭ್ರಮೆಗೂ ಅದೇ ಕಾರಣ. ಎತ್ತರದಿಂದ ದೂರದ ನೀರು ಕಾಣುವುದರಿಂದ ಕಾವಲಿಗೂ ಅದು ಒದಗುತ್ತಿದ್ದಿರಬೇಕು. ಆದರೆ ನೋಡುವುದಕ್ಕಷ್ಟೇ ಕಟ್ಟಿದ ಗೋಪುರಕ್ಕೆ ತೋಪಿನ ಕಿಂಡಿಗಳೂ ಮದ್ದಿನ ನೆಲಮಾಳಿಗೆಯೂ ಬೇಕಾಗಿರಲಿಲ್ಲ. ಅವೆರಡೂ ಇರುವುದರಿಂದಲೇ ಕಟ್ಟಡದ ಮುಖ್ಯ ಪ್ರಯೋಜನವು ಸಿದ್ಧವಾಗುತ್ತದೆ.

ಆ ಕಾಲದ ತೋಪುಗಳು ಬಾಯಿಯ ಕಡೆಯಿಂದ ಮದ್ದು ತುಂಬುವಂಥವು. ಅಳತೆಯ ಮದ್ದನ್ನು ಹಾಕಿ, ಗಿಡಿದು, ಗುಂಡನ್ನಿಳಿಸಿ, ಹಿಂಬದಿಯ ಸಣ್ಣ ರಂಧ್ರದಲ್ಲಿ ಬತ್ತಿಯಿಂದ ಕಿಚ್ಚು ಮುಟ್ಟಿಸುತ್ತಿದ್ದರು. ಪ್ರತಿಯೊಂದು ಹೊಡೆತದ ಮೇಲೂ ತೋಪು ಹಿಂದಕ್ಕೆ ಜಿಗಿಯುತ್ತಿತ್ತು. ಒಳಗಿನ ಕಿಡಿಯನ್ನು ಒದ್ದೆಯ ಕುಂಚದಿಂದ ಆರಿಸಿ ಮತ್ತೆ ತುಂಬಬೇಕಾಗಿತ್ತು. ದೂರ ಹೆಚ್ಚಿದಂತೆ ಗುರಿಯು ತಪ್ಪುತ್ತಿತ್ತು. ಆದುದರಿಂದ ತೋಪಿಗೆ ದೂರದ ಕಡಲಿಗಿಂತ ಹತ್ತಿರದ ಹೊಳೆಯೇ ಅನುಕೂಲ. ಕೆಲವು ನೂರು ಗಜಗಳ ಅಗಲದ ನೀರಿನಲ್ಲಿ ಹಡಗಿಗೆ ತಪ್ಪಿಸಿಕೊಳ್ಳಲು ಎಡೆಯಿಲ್ಲ.

ದಡದ ತೋಪಿಗೆ ಹಡಗಿನ ತೋಪಿಗಿಂತ ಮೂರು ಅನುಕೂಲಗಳುಂಟು. ನೆಲವು ಅಲುಗಾಡದಿರುವುದರಿಂದ ಗುರಿಯು ಸ್ಥಿರ. ಕಲ್ಲುಗೋಡೆಯು ಮರದ ಹಡಗಿಗಿಂತ ಗಟ್ಟಿ. ಗುಂಡನ್ನು ಒಲೆಯಲ್ಲಿ ಕೆಂಪಗೆ ಕಾಯಿಸಿ ಹೊಡೆಯುವುದಕ್ಕೆ ದಡದಲ್ಲಿ ಅವಕಾಶವುಂಟು. ಈ ಮೂರನೆಯ ಅನುಕೂಲದ ಪ್ರಸಿದ್ಧ ನಿದರ್ಶನವು ಬತ್ತೇರಿಯು ಹುಟ್ಟುವುದಕ್ಕೆ ಎರಡೇ ವರ್ಷಗಳ ಹಿಂದಿನದು. ೧೭೮೨ರ ಸೆಪ್ಟೆಂಬರಿನಲ್ಲಿ ಸ್ಪೆಯಿನ್ ಮತ್ತು ಫ್ರಾನ್ಸ್ ದೇಶದವರು ಜಿಬ್ರಾಲ್ಟರಿನ ಮೇಲೆ ತೇಲುವ ಬತ್ತೇರಿಗಳನ್ನು ನಡೆಯಿಸಿ ತಂದಾಗ, ದಡದಲ್ಲಿದ್ದ ಇಂಗ್ಲಿಷರು ಕಾಯಿಸಿದ ಗುಂಡುಗಳಿಂದ ಅವುಗಳನ್ನು ಸುಟ್ಟುಹಾಕಿದರು.

ಬತ್ತೇರಿಯ ಪರಮಶತ್ರು ಹಡಗಲ್ಲ, ತೇವ. ಪೆಟ್ಲುಪ್ಪು, ಗಂಧಕ, ಇದ್ದಲು ಇವುಗಳಿಂದಾದ ಮದ್ದು ತೇವವನ್ನು ಬೇಗ ಹೀರಿ ಕೆಡುತ್ತದೆ. ವರ್ಷದಲ್ಲಿ ನಾಲ್ಕು ತಿಂಗಳು ಬಿಡದೆ ಮಳೆ ಸುರಿಯುವ ನಾಡಿನಲ್ಲಿ, ಉಪ್ಪುಗಾಳಿಯ ಹೊಳೆದಡದಲ್ಲಿ, ಮದ್ದನ್ನು ಒಣಗಿಟ್ಟು ಕಾಯುವುದು ತೋಪನ್ನು ಹೊಡೆಯುವುದಕ್ಕಿಂತ ಕಷ್ಟವಾದ ಕೆಲಸ. ದಪ್ಪಗೋಡೆಯ ನೆಲಮಾಳಿಗೆಯ ಅವಶ್ಯಕತೆಯು ಇದರಿಂದ ತಿಳಿಯುವುದು. ಸಿಡಿದರೆ ತೋಪಿನವರಿಗೇ ಅಪಾಯವಾಗುವ ವಸ್ತುವನ್ನು ಅವರ ಕಾಲಡಿಯಲ್ಲಿಯೇ ಇಟ್ಟುದಕ್ಕೆ ಸ್ಥಳಸಂಕೋಚವೂ ಶೀಘ್ರತೆಯೂ ಕಾರಣ.

೮. ಸುಲ್ತಾನನ ನೌಕಾಯೋಜನೆ

ಬತ್ತೇರಿಯು ಕಾಯುತ್ತಿದ್ದುದು ಯಾವುದನ್ನು ಎಂಬುದನ್ನೂ ನೋಡಬೇಕು. ಅಕ್ಕಿ, ಮೆಣಸು, ಏಲಕ್ಕಿ, ಶ್ರೀಗಂಧ ಇವು ಮೈಸೂರಿನ ಸೀಮೆಯಿಂದ ಹೊರಕ್ಕೆ ಹೋಗುತ್ತಿದ್ದ ಮುಖ್ಯ ಸರಕುಗಳು. ಟಿಪ್ಪುವು ಅರಬ್ಬೀ ದೇಶದ ಮಸ್ಕತಿನಲ್ಲಿ ತನ್ನ ಕೋಠಿಯನ್ನಿಟ್ಟಿದ್ದನು. ಕರ್ಕ್‌ಪ್ಯಾಟ್ರಿಕನು ೧೮೧೧ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಅವನ ಪತ್ರಗಳಲ್ಲಿ ಅಲ್ಲಿಯ ಗುಮಾಸ್ತನಿಗೆ ಗಂಧಕವನ್ನು ಕಳುಹಿಸೆಂದೂ, ಹಡಗು ಕಟ್ಟುವ ಬಡಗಿಗಳನ್ನು ಕರೆಯಿಸೆಂದೂ ಬರೆದ ಆಜ್ಞೆಗಳಿವೆ. ಅಕ್ಕಿಯೂ ಗಂಧವೂ ಹೋಗಿ ಗಂಧಕವೂ ಬಡಗಿಗಳೂ ಬರಬೇಕಾಗಿದ್ದ ಬಾಗಿಲು ಕರಾವಳಿಯ ಈ ರೇವುಗಳೇ.

೧೭೯೬ರಲ್ಲಿ ಸುಲ್ತಾನನು ನೌಕಾಬಲವನ್ನು ಕುರಿತು ಒಂದು ವಿಸ್ತಾರವಾದ ಕಟ್ಟಳೆಯನ್ನು ಹೊರಡಿಸಿದನು. ಇಪ್ಪತ್ತು ದೊಡ್ಡ ಯುದ್ಧನೌಕೆಗಳೂ ಇಪ್ಪತ್ತು ಸಣ್ಣ ಯುದ್ಧನೌಕೆಗಳೂ ಸಿದ್ಧವಾಗಬೇಕೆಂದೂ, ಅವುಗಳನ್ನು ಮೂರು ಕಟ್ಟೆಗಳಲ್ಲಿ ಕಟ್ಟಬೇಕೆಂದೂ ಅದರಲ್ಲಿ ವಿಧಿಸಿದ್ದಾನೆ. ಆ ಮೂರರಲ್ಲಿ ಮಂಗಳೂರೂ ಒಂದು. ೧೭೮೦ರಲ್ಲಿ ತಂದೆಯ ಹಡಗುಗಳು ರೇವಿನ ಬಳಿಯಲ್ಲೇ ನಾಶವಾದುದನ್ನು ಮರೆಯದ ಮಗನಿಗೆ, ಹಡಗು ಕಟ್ಟುವ ಮುನ್ನ ಹಡಗುಕಟ್ಟೆಯ ನೀರನ್ನು ಕಾಯಬೇಕೆಂಬುದು ತಿಳಿದಿತ್ತು. ಬತ್ತೇರಿಯು ೧೭೮೪ರಲ್ಲಿಯೂ ಕಟ್ಟಳೆಯು ೧೭೯೬ರಲ್ಲಿಯೂ ಬಂದ ಕ್ರಮವು ಇದಕ್ಕೆ ಅನುಗುಣವಾಗಿದೆ.

ಆದರೆ ಆ ಯೋಜನೆಯು ಕೈಗೂಡಲಿಲ್ಲ. ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣವು ಬಿದ್ದಿತು, ಸುಲ್ತಾನನು ಮಡಿದನು. ಕಡಲಿನಿಂದ ಬರುವ ಶತ್ರುವಿಗಾಗಿ ಕಾದಿದ್ದ ರೇವಿನ ಭವಿಷ್ಯವು ಕಡಲಿಂದ ಬಹು ದೂರದಲ್ಲಿ, ಕಾವೇರಿಯ ನಡುಗಡ್ಡೆಯ ಕೋಟೆಯೊಂದರ ಗೋಡೆಯು ಒಡೆದಾಗ ತೀರ್ಮಾನವಾಯಿತು. ಕರಾವಳಿಯು ಕುಂಪಣಿಯ ಆಳಿಕೆಗೆ ಸೇರಿತು. ಥಾಮಸ್ ಮನ್ರೋ ಅಲ್ಲಿಯ ಮೊದಲನೆಯ ಕಲೆಕ್ಟರನಾದನು. ಕಡಲೂ ದಡವೂ ಒಬ್ಬರ ವಶವಾದ ಮೇಲೆ ಬತ್ತೇರಿಗೆ ಗುರಿಯೇ ಇಲ್ಲದಂತಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಕಬ್ಬಿಣದ ಹಡಗುಗಳೂ ದೂರಹೊಡೆತದ ತೋಪುಗಳೂ ಬಂದು ಅಂಥ ಕಲ್ಲುಗೋಪುರಗಳ ಕಾಲವೇ ಮುಗಿಯಿತು. ಬಂದರಿನ ಪ್ರಾಧಾನ್ಯವೂ ಕಾಲಕ್ರಮದಲ್ಲಿ ಸರಿಯಿತು. ೧೯೭೪ರಲ್ಲಿ ಪಣಂಬೂರಿನ ನವಮಂಗಳೂರು ಬಂದರು ಭಾರತದ ಪ್ರಧಾನ ಬಂದರುಗಳಲ್ಲೊಂದೆಂದು ಘೋಷಿತವಾಗಿ, ದೊಡ್ಡ ಹಡಗುಗಳು ಅಲ್ಲಿಗೆ ಹೋಗತೊಡಗಿದವು; ಹಳೆಯ ಬಂದರು ಮೀನುಗಾರರ ಮತ್ತು ಸಣ್ಣ ಹಡಗುಗಳ ನೆಲೆಯಾಗಿ ಉಳಿಯಿತು. ಬತ್ತೇರಿಯ ಬುಡದಿಂದ ಎದುರುದಡದ ತಣ್ಣೀರುಬಾವಿಗೆ ದೋಣಿಗಳು ಹಾಯುತ್ತವೆ.

೯. ಉಪಸಂಹಾರ

ಮೇಲಿನ ವಿಚಾರದಿಂದ ಸಿದ್ಧಿಸುವ ಅಂಶಗಳು ಇಷ್ಟು. ಬತ್ತೇರಿಯೆಂಬ ಶಬ್ದವು ತೋಪಿನ ಹೊಡೆತದಿಂದ ಹುಟ್ಟಿದುದು, ವಾಸಸ್ಥಾನವನ್ನು ಹೇಳತಕ್ಕುದಲ್ಲ. ಶಾಸ್ತ್ರೋಕ್ತವಾದ ದುರ್ಗಭೇದಗಳಲ್ಲಿ ಅದಕ್ಕೆ ಎಡೆಯಿಲ್ಲ. ಮಂಗಳೂರಿನಲ್ಲಿ ಅದು ಕೋಟೆಯ ಜೊತೆಗೆ ಹುಟ್ಟಿದುದಲ್ಲ, ಕೋಟೆಯು ಶತ್ರುವಿಗೂ ಆಶ್ರಯವಾಗಬಲ್ಲುದೆಂಬ ಕಹಿಯಾದ ಅನುಭವದ ಮೇಲೆ ಹುಟ್ಟಿದುದು.

ಬೋಳೂರಿನ ಬತ್ತೇರಿಯು ಯಾವ ಪ್ರಸಿದ್ಧ ಯುದ್ಧದ ಹೆಸರಿನೊಡನೆಯೂ ಸೇರಿಲ್ಲ. ಇದರಿಂದ ಅದು ನಿಷ್ಪ್ರಯೋಜಕವೆಂದು ಹೇಳುವುದು ಸುಲಭ. ಆದರೆ ರೇವಿನ ಕಾವಲಿಗೆ ಕಟ್ಟಿದ ವಸ್ತುವಿನ ಪ್ರಯೋಜನವನ್ನು ಅದು ಹಾರಿಸಿದ ಗುಂಡುಗಳಿಂದ ಅಳೆಯಲಾಗದು. ಅದರ ಮುಂದೆ ಹಾಯಲು ಹಿಂಜರಿದ ಹಡಗುಗಳೂ ಲೆಕ್ಕಕ್ಕೆ ಬರಬೇಕು, ಅವು ಬರೆಹಕ್ಕೆ ಬರುವುದಿಲ್ಲ. ಸುಲ್ತಾನನ ರಾಜ್ಯವನ್ನು ಅದು ಉಳಿಸಲಿಲ್ಲವೆಂಬುದು ನಿಜ. ಅದಕ್ಕೆ ವಹಿಸಿದ್ದ ಕೆಲಸವಾದರೂ ರಾಜ್ಯವನ್ನು ಉಳಿಸುವುದಲ್ಲ, ಒಂದು ಹೊಳೆಯನ್ನು ಕಾಯುವುದು. ಶಾಲೆಗಳಲ್ಲಿ ಚಿತ್ರದುರ್ಗದ ಬತ್ತೇರಿಯ ಮಾತು ಬಂದಾಗ ಮಂಗಳೂರಿನ ಬತ್ತೇರಿಯನ್ನೂ ವಯನಾಡಿನ ಬತ್ತೇರಿಯನ್ನೂ ಕೂಡಿಸಿ ಹೇಳಿದರೆ, ಒಂದು ಶಬ್ದದ ಅರ್ಥವು ನೆಲಕ್ಕೆ ತಕ್ಕಂತೆ ಹೇಗೆ ಬೆಳೆಯುವುದೆಂಬುದು ವಿದ್ಯಾರ್ಥಿಗಳಿಗೆ ಸುಲಭವಾಗಿ ತಿಳಿದೀತು.